ಖಣಿ ನೀರಿನ ವಿಮಾನ

ಡಾಕ್ಟರು ಕಲ್ಲು ಉಜ್ಜುವ ಮಷೀನು ಬಿಡಬೇಕೆಂದು ಹೇಳಿದರು; ಬಿಟ್ಟ ಮೇಲೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಹೇಳಲಿಲ್ಲ. ದ್ರೌಪದಿಗೆ ಆ ಡಾಕ್ಟರರ ಮೇಲೆ ಇದ್ದ ಸಿಟ್ಟು ಇದೊಂದೇ. ಕಲಬುರ್ಗಿಯ ದವಾಖಾನೆಯಲ್ಲಿ ಅವರು ಅವಳ ಗಂಡನ ಎದೆಯ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕಲ್ಲಿನ ಧೂಳು ಎದಿಯೊಳಗ ಮನಿ ಮಾಡ್ಯಾದ. ಇನ್ನ ಆ ಧೂಳಿನ ಕಡಿ ಹೋದ್ರ ಭಾಳ ದಿನ ಉಳಿಯಂಗಿಲ್ಲ" ಎಂದಾಗ ಅವಳು ಮೇಜಿನ ಅಂಚು ಹಿಡಿದುಕೊಂಡಿದ್ದಳು. ಗಂಡ ಜಟ್ಟೆಪ್ಪ ಮಾತ್ರ ಅದು ಬೇರೆ ಯಾರದೋ ಎದೆಯ ಸುದ್ದಿ ಎನ್ನುವಂತೆ ಕೇಳಿಸಿಕೊಂಡ. ಶಹಾಬಾದಿಗೆ ಮರಳುವ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಬಂದ.

ಶಹಾಬಾದಿನಲ್ಲಿ ಕಲ್ಲು ಕೊಯ್ಯುವವರಿಗೇನು ಬರವಿಲ್ಲ, ಪಾಲಿಶ್ ಮಾಡುವವರಿಗೂ ಇಲ್ಲ. ಆದರೆ ಮೆಟ್ಟಿಲಿನ ಅಂಚಿಗೆ ಗೋಲಾಯಿ ಕೊಡುವುದರಲ್ಲಿ ಜಟ್ಟೆಪ್ಪನ ಕೈಯೇ ಬೇರೆ. ಗೋಲಾಯಿ ಎಂದರೆ ಕಲ್ಲಿನ ಚೂಪಾದ ಅಂಚನ್ನು ಸವೆಸಿ ಗುಂಡಗೆ ಮಾಡುವುದು. ಏರುವ ಕಾಲಿಗೆ, ಎಡವಿ ಬೀಳುವ ಕೂಸಿನ ಹಣೆಗೆ ಅದು ತಾಕಬಾರದು. ಕೆಲಸ ಮುಗಿದ ಮೇಲೆ ಅವನು ಮುಂಗೈಯ ಒಳಮೈಯ ಮೆತ್ತನೆಯ ಚರ್ಮವನ್ನು ಅಂಚಿನ ಉದ್ದಕ್ಕೂ ಎಳೆದು ನೋಡುತ್ತಿದ್ದ. ಕೂದಲೆಳೆಯಷ್ಟು ಗೀರು ಬಿದ್ದರೂ ಕಲ್ಲು ಮತ್ತೆ ಮಷೀನಿನ ಕೆಳಗೆ ಹೋಗಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಎಷ್ಟೋ ಮನೆಗಳ ಮೆಟ್ಟಿಲು ಅವನ ಮುಂಗೈ ಸವರಿಕೊಂಡೇ ಹೋದವು. ಅಷ್ಟು ವರ್ಷ ಆ ಮುಂಗೈಗೆ ಗೀರು ಬೀಳಲಿಲ್ಲ, ಬಿದ್ದದ್ದೆಲ್ಲ ಎದೆಯೊಳಗೆ.

ಕೆಲಸ ಬಿಟ್ಟವನು ಮನೆಯ ಬೆನ್ನು ಹತ್ತಿದ. ಅಡಿಗೆ ಮನೆಯ ಕಲ್ಲು, ಹೊಸ್ತಿಲು, ನೀರಿನ ಕಟ್ಟೆ ಎಲ್ಲಕ್ಕೂ ಗೋಲಾಯಿ ಆಯಿತು. ಬಟ್ಟೆ ಒಗೆಯುವ ಕಲ್ಲನ್ನು ಎಷ್ಟು ನುಣುಪು ಮಾಡಿದನೆಂದರೆ ಮೊದಲು ಸೋಪು ಜಾರಿತು, ಆಮೇಲೆ ಸೀರೆ ಜಾರಿತು, ಕಡೆಗೆ ದ್ರೌಪದಿಯೇ ಜಾರಿದಳು. ಸೊಂಟ ಹಿಡಿದುಕೊಂಡು ಎದ್ದವಳು, "ಇನ್ನ ಉಳಿದಿದ್ದು ನನ್ನ ತಲಿ ಒಂದೇ. ಅದನ್ನೂ ಉಜ್ಜಿಬಿಡ್ರಿ" ಎಂದಳು. ಅವನು ನಗಲಿಲ್ಲ. ಕುಳಿತರೆ ಏಳಬೇಕು, ಎದ್ದರೆ ಬಾಗಿಲಿಗೆ ಹೋಗಬೇಕು, ಬಾಗಿಲಿಗೆ ಹೋದರೆ ದೂರದ ಮಷೀನಿನ ಸದ್ದಿಗೆ ಕಿವಿ ಕೊಡಬೇಕು.

ದ್ರೌಪದಿ ಸ್ಟೇಷನ್ ಹತ್ತಿರದ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಮನೆ ಈಗ ಅದರ ಮೇಲೆಯೇ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಅವಳು ರೊಟ್ಟಿಯ ಬುಟ್ಟಿ ಇಳಿಸಿ ಬರುವಷ್ಟರಲ್ಲಿ ಜಟ್ಟೆಪ್ಪ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಎಂದೂ ಇಲ್ಲದ ಸಾಧುವಿನಂತೆ ಕುಳಿತಿದ್ದ. ಅವಳು ಹತ್ತಿರ ಹೋಗಿ ಅವನ ಕಿವಿಯ ಮಡಿಕೆಯೊಳಗೆ ಬೆರಳು ಹಾಕಿ ತೆಗೆದಳು. ಬೆರಳ ತುದಿಗೆ ಬೂದು ಬಣ್ಣದ ಹಿಟ್ಟು.

"ಹೋಗಿದ್ರಿ ಹೌದಿಲ್ಲೋ?"

"ಒಂದs ಅಂಚು. ಹುಡುಗ್ರು ಹಾಳ ಮಾಡ್ಲಿಕತ್ತಿದ್ರು, ನೋಡ್ಲಿಕ್ಕಾಗ್ಲಿಲ್ಲ."

"ಮತ್ತ ನಾ ಏನ್ ನೋಡ್ಲಿ? ನಿಮ್ಮ ಮಣ್ಣಿನ ದಿನಾನ?"

"ನೀ ಬಡದು ಹಾಕೋದು, ನಾ ಕುಂತು ತಿನ್ನೋದು. ಇದಕ್ಕ ಬಾಳ್ವಿ ಅಂತಾರೇನ?" ಎಂದು ಅವನು ಎದ್ದು ಹೋದ. ಕೆಮ್ಮು ಓಣಿಯ ತಿರುವಿನವರೆಗೂ ಕೇಳಿಸಿತು.

ಬೈದು ಪ್ರಯೋಜನವಿಲ್ಲ, ಕೈಗೇ ಏನಾದರೂ ಮೇವು ಹಾಕಬೇಕು ಎಂದು ದ್ರೌಪದಿಗೆ ಅಂದೇ ಅನಿಸಿದ್ದು. ಮರುದಿನ ಪಕ್ಕದ ಊರಾದ ವಾಡಿಗೆ ಹೋದಳು. ಅಲ್ಲಿ ಮಿಕ್ಸರು, ಫ್ಯಾನು, ಮೋಟಾರು ರಿಪೇರಿ ಮಾಡುವ, ಜಟ್ಟೆಪ್ಪನನ್ನು ಅಣ್ಣ ಎನ್ನುವ ಮುನಾಫನ ಅಂಗಡಿಯ ಅಟ್ಟದ ಮೇಲೆ ಒಂದು ಆಟಿಕೆ ವಿಮಾನವಿತ್ತು. ಆಟಿಕೆ ಎಂದರೆ ಸಣ್ಣದಲ್ಲ, ರೆಕ್ಕೆ ಚಾಚಿದರೆ ಆಳುದ್ದ. ರಿಮೋಟಿನಿಂದ ಹಾರುವಂಥದು. ಸಿಮೆಂಟ್ ಫ್ಯಾಕ್ಟರಿಯ ಸಾಹೇಬರೊಬ್ಬರು ಮುನಾಫನಿಗೂ ಹಾರಿಸುವುದನ್ನು ಕಲಿಸಿ, ವರ್ಗವಾಗಿ ಹೋಗುವಾಗ ಅವನಿಗೇ ಬಿಟ್ಟುಹೋಗಿದ್ದರು. ಅದರ ಚಕ್ರ ಮುರಿದಿತ್ತು, ಹೊಟ್ಟೆ ಸೀಳಿತ್ತು. ದ್ರೌಪದಿ ನೋಡಿದ್ದು ಅದನ್ನೇ: ಎಷ್ಟು ಮುರಿದಿದೆ ಎಂದು.

"ಮುನಾಫ ಭೈಯಾ, ಇದನ್ನ ನಿಮ್ಮ ಅಣ್ಣನ ಕೈಯಾಗ ಕೊಡ್ರಿ. ನಾ ಹೇಳಿದೆ ಅಂತ ಮಾತ್ರ ಹೇಳಬ್ಯಾಡ್ರಿ."

ಮುನಾಫ ಬೆಪ್ಪನಲ್ಲ. ಅದೇ ವಾರ ವಿಮಾನವನ್ನು ಹೆಗಲ ಮೇಲೆ ಹೊತ್ತು ಶಹಾಬಾದಿಗೆ ಬಂದು, "ಜಟ್ಟೆಪ್ಪಣ್ಣ, ನನ್ನಿಂದ ಆಗ್ಲಿಕಿಲ್ಲ, ನೀವರ ನೋಡ್ರಿ" ಎಂದ. "ಸಣ್ ಹುಡುಗ್ರ ಆಟಿಗಿ" ಎಂದು ಜಟ್ಟೆಪ್ಪ ಮುಖ ತಿರುಗಿಸಿದ. ಸಂಜೆಗೆ ನೋಡಿದರೆ ವಿಮಾನ ಚಾಪೆಯ ಮೇಲೆ ತುಂಡು ತುಂಡಾಗಿ ಹರಡಿತ್ತು, ಅವನು ಅದರ ನಡುವೆ ಊಟ ಮರೆತು ಕುಳಿತಿದ್ದ. ದ್ರೌಪದಿ ಒಲೆಯ ಮುಂದೆ ಯಾರಿಗೂ ಕಾಣದಂತೆ ನಕ್ಕಳು.

ವಿಮಾನ ಹಾರಿತು. ಮುನಾಫ ಹೇಳಿಕೊಟ್ಟ, ಜಟ್ಟೆಪ್ಪ ಬೇಗ ಕಲಿತ. ಇಳಿಸುವುದೇ ಕಷ್ಟವಾಯಿತು. ಈ ಸೀಮೆಯಲ್ಲಿ ಒಂದು ಕಡೆ ತೊಗರಿ ಹೊಲ, ಇನ್ನೊಂದು ಕಡೆ ಒಡೆದ ಕಲ್ಲಿನ ಗುಡ್ಡೆ. ನಡುವೆ ಉಳಿದದ್ದು ಬಿರುಕು ಬಿಟ್ಟ ಕರಿಮಣ್ಣು. ಇಳಿದಾಗಲೆಲ್ಲ ಚಕ್ರ ಕಿತ್ತು ಬರುತ್ತಿತ್ತು. ಒಮ್ಮೆ ವಿಮಾನ ಹೂ ಬಿಟ್ಟ ತೊಗರಿಯೊಳಗೆ ನುಗ್ಗಿದಾಗ ಹೊಲದವನಾದ ಸಾಯಬಣ್ಣ ಬಾರುಕೋಲು ಹಿಡಿದು ಬಂದ. "ಮ್ಯಾಲಿಂದ ಬಿದ್ದಿದ್ದೆಲ್ಲ ನನ್ನ ಹೊಲದಾಗs ಬೀಳ್ಬೇಕೇನು? ಮಳಿ ಒಂದು ಬಿಟ್ಟು!" ಎಂದು ಅವನು ಕೂಗಾಡಿದ್ದು ಓಣಿಯಲ್ಲಿ ಎಂಟು ದಿನ ನಗೆಯಾಯಿತು.

ಆಗ ಮುನಾಫ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾವುದೋ ದೇಶದ ಕೆರೆ. ಚಕ್ರದ ಜಾಗದಲ್ಲಿ ಎರಡು ಪುಟ್ಟ ದೋಣಿ ಕಟ್ಟಿಕೊಂಡ ವಿಮಾನ ನೀರಿನ ಮೇಲೆ ಓಡಿ, ನೀರು ಬಿಟ್ಟು ಎದ್ದು, ಮತ್ತೆ ನೀರಿಗೇ ಬಂದು ಕುಳಿತುಕೊಂಡಿತು. "ಅಣ್ಣಾ, ನಮ್ ಕಡಿ ಸಪಾಟ್ ಜಾಗ ಅಂದ್ರ ಖಣಿ ನೀರೊಂದೇ" ಎಂದ ಮುನಾಫ. ನಿಜವೇ. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳು ಮಳೆಗಾಲದ ನೀರು ತುಂಬಿಕೊಂಡು ಊರ ಸುತ್ತ ಹಸಿರಾಗಿ ಬಿದ್ದಿದ್ದವು.

ಅಲ್ಲಿಂದ ಮನೆಯ ತುಂಬ ಥರ್ಮಾಕೋಲಿನ ಬಿಳಿ ಪುಡಿ. ಅದು ಕಲ್ಲಿನ ಪುಡಿಯಲ್ಲವಲ್ಲ ಎಂದು ದ್ರೌಪದಿ ಗೊಣಗದೆ ಗುಡಿಸಿದಳು; ಗಂಡನ ಮುಖಕ್ಕೆ ಬಟ್ಟೆ ಕಟ್ಟಿಸಿಯೇ ಕೆಲಸಕ್ಕೆ ಕೂರಿಸಿದಳು. ದೋಣಿಯ ಉದ್ದ ವಿಮಾನದ ಮುಕ್ಕಾಲು ಭಾಗ ಇರಬೇಕು, ಮೂತಿ ವಿಮಾನದ ಮೂಗಿನಲ್ಲಿ ತಿರುಗುವ ಫ್ಯಾನಿಗಿಂತ ಮುಂದೆ ಚಾಚಿರಬೇಕು, ಇಲ್ಲದಿದ್ದರೆ ಓಟ ಶುರುವಾಗುತ್ತಲೇ ತಲೆಕೆಳಗು. ಹೊಟ್ಟೆ ಒಂದೇ ಸಮ ಇರಬಾರದು. ನಡುಮಧ್ಯದಲ್ಲಿ, ರೆಕ್ಕೆಯ ತೂಕ ನಿಲ್ಲುವ ಜಾಗದಿಂದ ಸ್ವಲ್ಪ ಹಿಂದೆ, ಅಡ್ಡಲಾಗಿ ಮೆಟ್ಟಿಲಿನಂಥ ಒಂದು ಕಚ್ಚು ಬೇಕು. ಕಚ್ಚಿನಿಂದ ಹಿಂದಕ್ಕೆ ಹೊಟ್ಟೆ ಬೆರಳಿನಷ್ಟು ಮೇಲೇರಿರಬೇಕು. ಜಟ್ಟೆಪ್ಪ ಸೈಕಲ್ ಕಡ್ಡಿ ಬಗ್ಗಿಸಿ ದೋಣಿ ಕಟ್ಟಲು ಕಾಲು ಮಾಡಿದ. ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ವಿಮಾನವನ್ನು ಎತ್ತಿ, ಮೂತಿ ಬಾಗುತ್ತದೋ ಬಾಲ ಬಾಗುತ್ತದೋ ಎಂದು ನೋಡಿ, ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿದ. ಕಡೆಗೆ ಬಣ್ಣ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿ, ಮತ್ತೆ ಉಜ್ಜಿ, ಮುಂಗೈ ಎಳೆದು ನೋಡಿದ. ಎಲ್ಲಿಯೂ ಗೀರಿಲ್ಲ. ಬೆಣ್ಣೆಯಲ್ಲಿ ಮಾಡಿದ ದೋಣಿಗಳಂತಿದ್ದವು. ಆ ದಿನಗಳಲ್ಲಿ ಅವನು ಕಲ್ಲಿನ ಯಾರ್ಡಿನ ಕಡೆ ತಲೆ ಹಾಕಲಿಲ್ಲ, ಅವನ ಕಿವಿಗಳು ಚೊಕ್ಕವಾಗಿದ್ದವು, ದ್ರೌಪದಿ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಖಣಿಯಲ್ಲಿ ವಿಮಾನ ಏಳಲಿಲ್ಲ.

ಓಡುವುದೇನೋ ಓಡಿತು. ನೀರು ಎರಡೂ ಕಡೆ ಚಿಮ್ಮಿತು, ಮೋಟಾರು ಕಿರುಚಿತು. ವಿಮಾನ ಮಾತ್ರ ನೀರಿಗೆ ಅಂಟು ಹಚ್ಚಿ ಕೂರಿಸಿದಂತೆ ಆ ದಡದಿಂದ ಈ ದಡಕ್ಕೆ ಓಡಿ ಕಲ್ಲಿನ ಗೋಡೆಯ ಹತ್ತಿರ ನಿಂತಿತು. ಮುನಾಫ ಲಾರಿಯ ಟ್ಯೂಬಿನ ಮೇಲೆ ಕುಳಿತು ಕೈಯಲ್ಲಿ ನೀರು ತಳ್ಳುತ್ತ ಹೋಗಿ ತಂದ. ಮತ್ತೆ ಓಡಿಸಿದರು. ತೂಕ ಜಾಸ್ತಿ ಎಂದು ಕೆಲವು ಭಾಗ ಕಿತ್ತರು, ಫ್ಯಾನು ಬದಲಿಸಿದರು, ಬೇರೆ ದಿನ ಹೊಸ ಬ್ಯಾಟರಿ ತಂದರು. ನೀರು ಬಿಡಲೊಲ್ಲದು.

"ಬಿಡು ಮುನಾಫ. ಕಲ್ಲು ಉಜ್ಜೋನ ಕೈ ಕಲ್ಲಿಗೇ ಸೈ" ಎಂದು ಜಟ್ಟೆಪ್ಪ ರಿಮೋಟು ಕೆಳಗಿಟ್ಟ. ಮರುದಿನ ಮಧ್ಯಾಹ್ನ ದ್ರೌಪದಿ ಬುಟ್ಟಿ ಇಳಿಸಿ ಬಂದಾಗ ಅವನ ಕೂದಲು ಒದ್ದೆಯಾಗಿತ್ತು. ಅವಳು ನೇರವಾಗಿ ಕಿವಿಗೇ ಕೈ ಹಾಕಿದಳು. ಮತ್ತೆ ಬೂದು ಹಿಟ್ಟು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅವನ ತಟ್ಟೆ ಹಾಕಿ, ಬೋಗುಣಿಯಿಂದ ಮಜ್ಜಿಗೆ ಬಗ್ಗಿಸಿದಳು. ಅರ್ಧ ಮಜ್ಜಿಗೆ ಲೋಟಕ್ಕೆ ಬಿತ್ತು, ಅರ್ಧ ಬೋಗುಣಿಯ ಹೊಟ್ಟೆಗುಂಟ ಹರಿದು ನೆಲಕ್ಕಿಳಿಯಿತು.

"ಕೈ ಸೀದಾ ಇಲ್ಲೇನು?" ಎಂದ ಅವನು, ತನ್ನ ತಪ್ಪು ಮುಚ್ಚಿಕೊಳ್ಳಲು.

ದ್ರೌಪದಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಕೈ ಸೀದಾನೇ ಅದ. ಈ ಬೋಗುಣಿ ಬಾಯಿ ಗುಂಡಗದ. ಗುಂಡ ಬಾಯಿ ಭಾಂಡ್ಯಾದು ಹಿಂಗೇ, ಬಿಡಂಗs ಇಲ್ಲ, ಹೊಟ್ಟಿ ಹಿಡ್ಕೊಂಡು ಇಳೀತದ. ಕತ್ತರಿಸಿದ ಡಬ್ಬಿ ಬಾಯಿಲೇ ಸುರವ್ರಿ, ಒಂದು ಹನಿ ಬಿದ್ರ ಕೇಳ್ರಿ!"

ಜಟ್ಟೆಪ್ಪ ತುತ್ತು ಅರ್ಧಕ್ಕೆ ನಿಲ್ಲಿಸಿದ. ಎದ್ದು ಎಣ್ಣೆಯ ತಗಡಿನ ಡಬ್ಬಿ ತಂದು ನೀರು ತುಂಬಿ ಬಗ್ಗಿಸಿದ. ನೀರು ಅಂಚಿನಲ್ಲೇ ಕತ್ತರಿಸಿಕೊಂಡು ಬಿತ್ತು. ಬೋಗುಣಿಯಿಂದ ಬಗ್ಗಿಸಿದ, ನೀರು ತಿರುಗಿ ಹೊಟ್ಟೆಗೆ ಅಂಟಿಕೊಂಡಿತು. ಅಡಿಗೆ ಮನೆ ಕೆರೆಯಾಗುವವರೆಗೂ ಇದೇ ನಡೆಯಿತು. ಆಮೇಲೆ ಅವನು ದೋಣಿಯನ್ನು ತಂದು, ಹೊಟ್ಟೆ ಮೇಲೆ ಮಾಡಿ ಕುಳಿತು, ಕಚ್ಚಿನ ಅಂಚಿನ ಮೇಲೆ ಬೆರಳಾಡಿಸಿದ. ನೀರು ಎಲ್ಲಿ ದೋಣಿಯನ್ನು ಬಿಟ್ಟು ಹೋಗಬೇಕೋ ಅಲ್ಲಿಗೇ ಅವನು ಎಲ್ಲಕ್ಕಿಂತ ಚಂದದ ಗೋಲಾಯಿ ಕೊಟ್ಟಿದ್ದ. ಯಾರೂ ಹೇಳಿರಲಿಲ್ಲ, ಅವನೂ ಯೋಚಿಸಿರಲಿಲ್ಲ. ಕೈ ತಾನೇ ಮಾಡಿಬಿಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಲಿತ ಗುಣವೂ ಅಷ್ಟೇ.

"ಇಷ್ಟು ವರ್ಷದಾಗ ನನ್ನ ಗೋಲಾಯಿ ತಪ್ಪಂತ ಒಬ್ರೂ ಅಂದಿಲ್ಲ" ಎಂದ.

"ಮೆಟ್ಟಲಿಗಿ ತಪ್ಪಲ್ರಿ. ಇದಕ್ಕ ತಪ್ಪು" ಎಂದಳು ದ್ರೌಪದಿ ಮೆಲ್ಲಗೆ. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನು ಡಬ್ಬಿಯ ತಗಡು ಕತ್ತರಿಸಿ, ಕಚ್ಚಿನ ಉದ್ದಕ್ಕೂ ಚೂಪಾಗಿ ಎದ್ದು ನಿಲ್ಲುವಂತೆ ಅಂಟಿಸತೊಡಗಿದ. ಮಾಡುವುದು ಅವನಿಗೆ ಸುಲಭವಾಗಲಿಲ್ಲ. ಎರಡು ಸಲ ಕೈ ತಾನಾಗಿ ಉಜ್ಜುವ ಕಾಗದದ ಕಡೆ ಹೋಯಿತು, ಎರಡು ಸಲವೂ ಹಿಂದಕ್ಕೆ ಎಳೆದುಕೊಂಡ. ಕಡೆಗೆ ಅಭ್ಯಾಸಬಲದಿಂದ ಮುಂಗೈ ಎಳೆದು ನೋಡಿದಾಗ ತೆಳ್ಳಗೆ ರಕ್ತ ಜಿನುಗಿತು. ಆ ಮುಂಗೈಯನ್ನು ಮಗು ತೋರಿಸುವಂತೆ ಎತ್ತಿ ಹೆಂಡತಿಗೆ ತೋರಿಸಿದ.

ಅಂಟು ಒಣಗುತ್ತಿರುವಾಗಲೇ ಯಾರ್ಡಿನ ಮಾಲಕ ಚನ್ನು ಸಾವಕಾರ ಮೋಟಾರ್ ಸೈಕಲ್ ಮೇಲೆ ಬಂದ. ಕೆಟ್ಟವನಲ್ಲ, ಎದೆಯ ಫೋಟೊ ನೋಡದವನು, ಅಷ್ಟೇ.

"ಜಟ್ಟೆಪ್ಪ, ಸೇಡಂದಾಗ ಕಲ್ಯಾಣ ಮಂಟಪದ ಮೆಟ್ಟಲಾ ಬಂದಾವ. ಗೋಲಾಯಿ ನಿಂದೇ ಬೇಕಂತ ಹಟ ಹಿಡದಾರ. ಮುಖಕ್ಕ ದಪ್ಪನ ಬಟ್ಟಿ ಕಟ್ಕೊಂಡು ಮಾಡಿದ್ರಾಯ್ತು. ಇದೊಂದು ಕೆಲಸ ಮಾಡಿಕೊಡು ಮಾರಾಯ."

ಜಟ್ಟೆಪ್ಪನ ಕಣ್ಣು ಹೊಳೆದವು. "ಸಾವಕಾರ್ರ, ಇದೊಂದು ಹಾರ್ಲಿ. ಕೈಯಾಗಿಂದು ಅರ್ಧಕ್ಕ ಬಿಟ್ಟು ಬರೋ ಮನುಷ್ಯಲ್ಲ ನಾ. ಹಾರಿದ ಮರುದಿನ ಮಷೀನಿನ ಮುಂದ ಇರ್ತೀನಿ."

ಒಲೆಯ ಮೇಲಿನ ರೊಟ್ಟಿ ಕರಕಾಯಿತು. ದ್ರೌಪದಿಗೆ ಅತ್ತ ದರಿ, ಇತ್ತ ಪುಲಿ. ವಿಮಾನ ಏಳದಿದ್ದರೆ ಸೋತವನಾಗಿ ಯಾರ್ಡಿಗೆ ಹೋಗುತ್ತಾನೆ, ಎದ್ದರೆ ಗೆದ್ದವನಾಗಿ ಯಾರ್ಡಿಗೆ ಹೋಗುತ್ತಾನೆ. ಏಳುವ ದಾರಿಯನ್ನು ತೋರಿಸಿದವಳೂ ತಾನೇ. ಆ ಬೋಗುಣಿಯನ್ನು ತಿಪ್ಪೆಗೆ ಎಸೆಯಬೇಕು ಅನಿಸಿತು. ಸಾವಕಾರ ಹೋದ ಮೇಲೆ ಬೇಡಿಕೊಂಡಳು, ಮದುವೆಯಾಗಿ ಹೋದ ಮಗಳ ಆಣೆ ಹಾಕಿದಳು, ಮಾತು ಬಿಟ್ಟು ನೋಡಿದಳು. "ಒಂದ ತಿಂಗಳು ಧೂಳು ಕುಡದ್ರ ಸಾಯಂಗಿಲ್ಲ ಬಿಡು" ಎಂದು ಅವನು ಸಿಳ್ಳೆ ಹಾಕುತ್ತ ನಟ್ಟು ಬಿಗಿದ.

ಹಾರಿಸುವ ದಿನ ಅವಳೂ ಹೊರಟಳು. ಖಾನಾವಳಿಗೆ ರೊಟ್ಟಿ ತಡವಾಗುತ್ತದೆಂದು ಹೇಳಿ ಕಳಿಸಿ, ಮುನಾಫನ ಟೆಂಪೊದಲ್ಲಿ ಹಿಂದೆ ಕುಳಿತು, ತೊಡೆಯ ಮೇಲೆ ರೆಕ್ಕೆ ಹಿಡಿದುಕೊಂಡು ಬಂದಳು. ಹಾರಲಿ ಎಂದು ಬೇಡಿಕೊಳ್ಳಬೇಕೋ ಹಾರದಿರಲಿ ಎಂದು ಬೇಡಿಕೊಳ್ಳಬೇಕೋ ತಿಳಿಯದೆ ದಾರಿಯುದ್ದಕ್ಕೂ ಸೆರಗು ಹಿಂಡುತ್ತಿದ್ದಳು.

ಜಟ್ಟೆಪ್ಪ ವಿಮಾನವನ್ನು ನೀರಿಗೆ ಬಿಟ್ಟ. ಅದು ಓಡಿತು. ನೀರಿನ ಸದ್ದು ಮೊದಲಿನಂತಿರಲಿಲ್ಲ. ಬಟ್ಟೆ ಹರಿದ ಹಾಗೆ ಸರ್ರನೆ ಕೇಳಿಸಿತು. ಖಣಿಯ ಅರ್ಧ ದಾಟುವುದರೊಳಗೆ ದೋಣಿಗಳು ನೀರು ಬಿಟ್ಟು ಎದ್ದವು, ಅವುಗಳ ಹಿಂದೆ ಹನಿಗಳು ಉದುರಿದವು, ವಿಮಾನ ಕಲ್ಲಿನ ಗೋಡೆಯ ಮೇಲಿಂದ ಸೂರ್ಯನ ಕಡೆ ಹೋಯಿತು.

ಮುನಾಫ ಕೇಕೆ ಹಾಕಿದ. ದ್ರೌಪದಿ ತನಗೆ ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದಳು. ಜಟ್ಟೆಪ್ಪ ಅಳುತ್ತಿದ್ದ, ಎರಡೂ ಕೈ ರಿಮೋಟಿನ ಮೇಲಿದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಅವಳು ಹೋಗಿ ಸೆರಗಿನಿಂದ ಒರೆಸಿದಳು. ಖಣಿಯ ಮೇಲೆ ದೊಡ್ಡ ಸುತ್ತು ಹಾಕಿಸಿ, ಅವನು ಅದನ್ನು ಬಾತುಕೋಳಿಯಂತೆ ನೀರಿಗೆ ಇಳಿಸಿದ.

ಇಳಿದು ಸ್ವಲ್ಪ ಹೊತ್ತಾಗುತ್ತಲೇ ಅವನ ಮುಖ ಬದಲಾಯಿತು. ವಿಮಾನದ ಮೈ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ, ಕೂತ, ಎದ್ದ. "ಮುಗೀತಲ್ಲ" ಎಂದ. "ನಾಳಿ ಮುಂಜಾನಿ ಬುತ್ತಿ ಕಟ್ಟು. ಸಾವಕಾರ್ರಿಗಿ ಮಾತ ಕೊಟ್ಟೀನಿ."

ದ್ರೌಪದಿ ಅವನ ಮುಖ ನೋಡಿದಳು, ವಿಮಾನ ನೋಡಿದಳು.

"ನನಗ ಕಲಿಸ್ರಿ" ಎಂದಳು.

"ಏನ?"

"ಹಾರ್ಸೋದು. ಈಗs ಕಲಿಸ್ರಿ."

ಮುನಾಫ ನಕ್ಕ. ಜಟ್ಟೆಪ್ಪನಿಗೆ ಮಾತ್ರ ಹೆಮ್ಮೆಯಾಯಿತು. ಬ್ಯಾಟರಿ ಬದಲಿಸಿ, ತಾನೇ ನೀರಿನಿಂದ ಎಬ್ಬಿಸಿ, ಎತ್ತರಕ್ಕೆ ಒಯ್ದು, ರಿಮೋಟಿನ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿ ಹಿಂದೆ ನಿಂತ. "ಈ ಕಡ್ಡಿ ನಿನ್ನ ಕಡಿ ಎಳದ್ರ ಮೂತಿ ಮ್ಯಾಲ. ಆ ಕಡಿ ದೂಡಿದ್ರ ಕೆಳಗ. ದೂಡಬ್ಯಾಡ ಮತ್ತ, ಮಣ್ಣಾಗ ಹೋಗ್ತದ."

ಅವಳು ಹೆಬ್ಬೆರಳಿಟ್ಟಳು. ಅಷ್ಟು ಎತ್ತರದ ವಸ್ತು ತನ್ನ ಮಾತು ಕೇಳುತ್ತದೆಂದು ಅವಳು ಎಣಿಸಿರಲಿಲ್ಲ. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಒಂದು ಗಳಿಗೆ ಅದರ ಮೇಲೆ ಪ್ರೀತಿಯೇ ಉಕ್ಕಿತು, ಕೈ ಬರಲಿಲ್ಲ. ಆಗ ಬೆನ್ನ ಹಿಂದೆ ಗಂಡ ಕೆಮ್ಮಿದ. ಅವಳು ಕಡ್ಡಿಯನ್ನು ಆ ಕಡೆಗೆ ದೂಡಿದಳು, ಹೋಗುವಷ್ಟು ದೂರ, ಮತ್ತು ಬಿಡಲಿಲ್ಲ.

ನೀರು ಆಳೆತ್ತರ ಹಾರಿತು. ಒಂದು ದೋಣಿ ಬೇರೆಯಾಗಿ ತೇಲಿತು, ರೆಕ್ಕೆ ಎರಡು ತುಂಡಾಗಿತ್ತು, ಬಾಲ ಎಲ್ಲೂ ಕಾಣಲಿಲ್ಲ.

"ಏ ಹುಚ್ಚೀ! ದೂಡಬ್ಯಾಡ ಅಂತ ಹೇಳಿದ್ನೋ ಇಲ್ಲೋ!" ಜಟ್ಟೆಪ್ಪನ ದನಿಗೆ ಖಣಿಯ ನಾಲ್ಕೂ ಗೋಡೆ ಉತ್ತರ ಕೊಟ್ಟವು.

"ಕೈ ಜಾರ್ತುರಿ" ಎಂದಳು ದ್ರೌಪದಿ.

ಮುನಾಫ ಅವಳ ಮುಖವನ್ನೊಮ್ಮೆ ನೋಡಿ ಟ್ಯೂಬು ನೀರಿಗೆ ಎಳೆದ.

ಟೆಂಪೊದಲ್ಲಿ ಮುರಿದ ತುಂಡುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ರೈಲ್ವೆ ಗೇಟಿನವರೆಗೂ ಬೈಸಿಕೊಂಡಳು. ಅವಳ ತವರಿನವರಿಗೂ ಪಾಲು ಸಿಕ್ಕಿತು. ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗುವಾಗ ಅವನ ಬೈಗುಳ ನಿಂತು ಗೊಣಗಾಟವಾಯಿತು: ಸೈಕಲ್ ಕಡ್ಡಿ ತೆಳ್ಳಗಾಯಿತು, ದಪ್ಪ ತಂತಿ ಬೇಕು, ರೆಕ್ಕೆಗೆ ಒಳಗೆ ಬಿದಿರಿನ ಪಟ್ಟಿ ಕೊಡಬೇಕಿತ್ತು, ಈ ಸಲ ತಗಡಿನ ಅಂಚು ಮೊದಲಿಂದಲೇ ಕೂರಿಸಬೇಕು.

"ನಾಳಿ ಬುತ್ತಿ?" ಎಂದು ಕೇಳಿದಳು.

"ಎಲ್ಲೀ ಬುತ್ತಿ! ಸಾವಕಾರ್ರಿಗಿ ಹೇಳಿ ಕಳಸ್ತೀನಿ. ಇದನ್ನ ಹಿಂಗ ಬಿಟ್ಟು ಹ್ಯಾಂಗ ಹೋಗ್ಲಿ? ನಾಳಿ ವಾಡಿಗಿ ಹೋಗಿ ಸಾಮಾನು ತರಬೇಕು. ಎಲ್ಲಾ ಹಾಳ ಮಾಡಿಟ್ಟಿ, ತಿಂಗಳ ಮ್ಯಾಲೇ ಹಿಡೀತದ."

ದ್ರೌಪದಿ ಮುಖವನ್ನು ಹೊಲದ ಕಡೆ ತಿರುಗಿಸಿಕೊಂಡಳು.

"ಅವಸರ ಮಾಡಬ್ಯಾಡ್ರಿ. ಛಲೋತ್ನಾಗಿ ಮಾಡ್ರಿ" ಎಂದಳು. "ಆದ ಮ್ಯಾಲ ಮತ್ತ ನನ್ನ ಕೈಯಾಗ ಕೊಡ್ರಿ."